ಗಿಳಿ ಕರೆದ ದಿಬ್ಬಣ

ತಪ್ಪೆಲ್ಲ ಆ ಹಸಿರು ಗುಂಡಿಯದೇ ಎಂದು ರಾತೆಬ್ ಇವತ್ತಿಗೂ ಹೇಳುತ್ತಾನೆ. ಗುಂಡಿ ಒತ್ತಿದ ಬೆರಳು ಯಾರದಪ್ಪಾ ಎಂದು ಕೇಳಿದರೆ ಮಾತ್ರ ಅವನಿಗೆ ಸಿಟ್ಟು ಬರುತ್ತದೆ.

ಸಲ್ತ್ ಊರಿನ ಮೆಟ್ಟಿಲು ಬೀದಿಯಲ್ಲಿ ಅವನದೊಂದು ಕನ್ನಡಕದ ಅಂಗಡಿ. ಜನರನ್ನು ಕುರ್ಚಿಯ ಮೇಲೆ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ಎದುರು ಗೋಡೆಯ ಮೇಲಿನ ಅಕ್ಷರ ಓದಿಸುವುದು ಅವನ ಕಸುಬು. ಕೊನೆಯ ಸಾಲಿನ ಸಾಸಿವೆ ಕಾಳಿನಂಥ ಅಕ್ಷರಗಳನ್ನು ಓದಲಾರದೆ ತಡವರಿಸುವವರನ್ನು ಕಂಡರೆ ನಾಲಿಗೆಯಲ್ಲಿ ಲೊಚಗುಟ್ಟಿ ಮರುಕ ತೋರಿಸುವ ಆಸಾಮಿ. ಅಂಥವನು ಆ ಮಂಗಳವಾರ ಬೆಳಿಗ್ಗೆ ತನ್ನ ಕಂಪ್ಯೂಟರಿನ ಮುಂದೆಯೇ ಕಣ್ಣಿದ್ದೂ ಕಾಣದವನಾದ.

ಅಂಗಡಿ ತೆಗೆದು ಕಂಪ್ಯೂಟರ್ ಹಚ್ಚಿದರೆ ಬ್ರೌಸರ್ ಎಂದಿನಂತೆ ತೆರೆಯಲಿಲ್ಲ. ಪರದೆಯ ತುಂಬ ಒಂದು ಶುಭಾಶಯ ಬಂತು. ತಾನು ರಾತ್ರೋರಾತ್ರಿ ಹೊಸಬನಾಗಿದ್ದೇನೆ, ಮೊದಲಿಗಿಂತ ಚುರುಕಾಗಿದ್ದೇನೆ, ಮುಂದುವರಿಯೋಣವೇ ಎಂದು ಬ್ರೌಸರ್ ಕೇಳಿತು. ಕೆಳಗೆ ಅಂಗೈ ಅಗಲದ ಹಸಿರು ಗುಂಡಿ. ಅದರ ಕೆಳಗೆ ಬೂದಿ ಬಣ್ಣದ ಮೇಲೆ ಬೂದಿ ಬಣ್ಣದ್ದೇ ಒಂದು ಸಾಲು, ಪಕ್ಕದಲ್ಲಿ ಪುಟ್ಟ ಚೌಕ, ಚೌಕದೊಳಗೆ ಮೊದಲೇ ಹಾಕಿಟ್ಟ ಒಪ್ಪಿಗೆಯ ಗುರುತು. ಉಳಿತಾಯದ ಗಿಳಿಯನ್ನು ಜೊತೆಗೆ ಸೇರಿಸಲು ಮತ್ತು ನನ್ನ ಸಂದೇಶಗಳನ್ನು ಸ್ನೇಹಿತರೆಲ್ಲರಿಗೂ ಹಂಚಲು ನನ್ನ ಸಮ್ಮತಿ ಇದೆ ಎಂದು ಆ ಸಾಲಿನಲ್ಲಿ ಇತ್ತಂತೆ. ಇತ್ತಂತೆ ಎಂದೇ ಹೇಳಬೇಕು, ಏಕೆಂದರೆ ಅದನ್ನು ಓದಿದವರನ್ನು ನಮ್ಮೂರಲ್ಲಿ ಇನ್ನೂ ಯಾರೂ ಕಂಡಿಲ್ಲ. ರಾತೆಬ್ ಹಸಿರನ್ನು ಒತ್ತಿದ.

ಪರದೆಯ ಮೂಲೆಯಲ್ಲಿ ಒಂದು ಗಿಳಿ ಬಂದು ಕೂತಿತು. ಕತ್ತು ಕೊಂಕಿಸಿ, ರೆಕ್ಕೆ ಕೊಡವಿ, ಒಂದು ಇಸ್ತ್ರಿ ಪೆಟ್ಟಿಗೆಯ ಚಿತ್ರ ತೋರಿಸಿತು. ಇದ್ಯಾವುದಪ್ಪ ಪೀಡೆ ಎಂದುಕೊಂಡು ರಾತೆಬ್ ಅದನ್ನು ಮುಚ್ಚಿದ. ಅದು ಇನ್ನೊಂದು ಮೂಲೆಯಿಂದ ಎದ್ದುಬಂದು ಚಮಚಗಳ ಗೊಂಚಲು ತೋರಿಸಿತು. ಇರಲಿ ಬಿಡು ಎಂದು ಅವನು ಸುಮ್ಮನಾದ, ಏಕೆಂದರೆ ಆ ಬೆಳಿಗ್ಗೆ ಅವನಿಗೆ ಗಿಳಿಯ ಜೊತೆ ಜಗಳವಾಡುವಷ್ಟು ಪುರುಸೊತ್ತು ಇರಲಿಲ್ಲ. ಸಂಜೆ ಅವನ ಪರವಾಗಿ ಹಿರಿಯರು ಹೆಣ್ಣು ಕೇಳಲು ಹೋಗುವವರಿದ್ದರು.

ಹೆಣ್ಣು ಬಯಾನ್, ಬಾಲಕಿಯರ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ಕನ್ನಡಕದ ತಿರುಪು ಸಡಿಲವಾಗಿದೆ ಎಂದು ಮೂರು ಸಲ ಅಂಗಡಿಗೆ ಬಂದಿದ್ದಳು. ಒಂದು ತಿರುಪು ಮೂರು ಸಲ ತಾನಾಗಿ ಸಡಿಲವಾಗುವುದಿಲ್ಲ ಎಂಬುದು ರಾತೆಬನ ಇಷ್ಟು ವರ್ಷದ ಅನುಭವ. ಆ ಒಂದು ಆಧಾರದ ಮೇಲೆ ಅವನು ಚಳಿಗಾಲವಿಡೀ ನಿದ್ದೆಗೆಟ್ಟ, ತಾಯಿಗೆ ಹೇಳಿದ, ತಾಯಿ ಬಯಾನಳ ಸೋದರತ್ತೆ ಖೌಲಾಳ ಕಿವಿಗೆ ಹಾಕಿದಳು. ಖೌಲಾ ವಾರದೊಳಗೆ ಉತ್ತರ ತಂದಳು: ಹುಡುಗಿಯದು ಒಪ್ಪಿಗೆಯೇ, ಅಣ್ಣನನ್ನು ಬಂದು ಕೇಳಿ.

ಅಣ್ಣ ಎಂದರೆ ಬಯಾನಳ ತಂದೆ ಶಾಹೆರ್ ಮೇಷ್ಟ್ರು. ನಮ್ಮೂರಿನ ಅರ್ಧ ಗಂಡಸರಿಗೆ ಭೂಗೋಳ ಕಲಿಸಿದವರು, ಉಳಿದರ್ಧಕ್ಕೆ ಕಿವಿ ಹಿಂಡಿದವರು. ಆಡಂಬರವೆಂದರೆ ಅವರಿಗೆ ಆಗದು. ನೂರು ಕಾರಿನಲ್ಲಿ ಬಂದು ಹಾರನ್ ಹೊಡೆದು ಹೆಣ್ಣು ಕೇಳುವುದು ಕುರಿ ಸಂತೆಗೆ ಒಪ್ಪುವ ರೀತಿ, ತನ್ನ ಕೋಣೆಯಲ್ಲಿ ಹದಿನೈದು ಕುರ್ಚಿ ಇದೆ, ಹದಿನೈದೇ ಜನ ಬರಲಿ ಎಂದು ಹೇಳಿಕಳಿಸಿದ್ದರು. ನಮ್ಮ ಕಡೆ ಜಾಹಾಕ್ಕೆ, ಅಂದರೆ ಹೆಣ್ಣು ಕೇಳಲು ಹೋಗುವ ಹಿರಿಯರ ದಂಡಿಗೆ, ಹದಿನೈದು ಜನ ಎಂದರೆ ಗಂಡಿಗೆ ದಿಕ್ಕುದೆಸೆ ಇಲ್ಲ ಎಂದು ಅರ್ಥ. ಆದರೂ ರಾತೆಬ್ ಒಪ್ಪಿದ್ದ. ಮೇಷ್ಟ್ರು ಒಂಟಿಕಾಲಲ್ಲಿ ಬಾ ಎಂದಿದ್ದರೂ ಅವನು ಕುಂಟಿಕೊಂಡೇ ಹೋಗುತ್ತಿದ್ದ.

ಹದಿನೈದು ಹಿರಿಯರಿಗೆ ವೇಳೆ ನೆನಪಿಸುವುದೊಂದು ಬಾಕಿ ಇತ್ತು. ಗಿರಾಕಿಗಳಿಗೆ 'ನಿಮ್ಮ ಕನ್ನಡಕ ಸಿದ್ಧವಾಗಿದೆ' ಎಂದು ಕಳಿಸುವ ಪುಟದಲ್ಲೇ ಅವನು ಬರೆದ: 'ದೇವರ ದಯೆಯಿಂದ ಇಂದು ಸಂಜೆ ಅಸರ್ ನಮಾಜಿನ ನಂತರ ಶಾಹೆರ್ ಮೇಷ್ಟ್ರ ಮನೆಗೆ ಅವರ ಮಗಳನ್ನು ಕೇಳಲು ಹೊರಟಿದ್ದೇವೆ. ತಾವು ಜೊತೆಗೆ ಬಂದು ನಮ್ಮ ಮಾನ ಹೆಚ್ಚಿಸಬೇಕು.' ಹದಿನೈದು ಹೆಸರು ಆರಿಸಿ ಕಳಿಸಿದ. ಗಿಳಿ ಪಟಪಟ ರೆಕ್ಕೆ ಬಡಿದು, ನಿಮ್ಮ ಸಂತೋಷವನ್ನು ಹಂಚಿದ್ದೇವೆ ಎಂದಿತು. ಒಳ್ಳೆಯ ಹಕ್ಕಿಯೇ ಇರಬೇಕು ಎಂದುಕೊಂಡು ರಾತೆಬ್ ಚಹಾ ಕುಡಿದ.

ಚಹಾ ಮುಗಿಯುವ ಮೊದಲೇ ಪಕ್ಕದ ಕಾಫಿ ಹುರಿಯುವ ಅಂಗಡಿಯ ಅಬು ಜಲಾಲ್ ಒಳಗೆ ಬಂದ. ಊರಲ್ಲಿ ಯಾರ ಮನೆಯ ಗೋಡೆಗೆ ಬಿರುಕು ಬಿಟ್ಟರೂ ಮೊದಲು ಬೆರಳು ಹಾಕಿ ನೋಡುವ ಮನುಷ್ಯ. ಬಂದವನೇ ರಾತೆಬನನ್ನು ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟ. ತನ್ನನ್ನು ಕರೆಯುವುದಿಲ್ಲವೇನೋ ಎಂದು ವಾರದಿಂದ ಮನಸ್ಸು ಕಹಿಯಾಗಿತ್ತು, ಈಗ ಹಗುರಾಯಿತು ಎಂದ. ರಾತೆಬ್ ಬೆಪ್ಪಾಗಿ ನೋಡಿದ. ಅಬು ಜಲಾಲ್ ಆ ಹದಿನೈದರಲ್ಲಿ ಇರಲಿಲ್ಲ.

ಅಷ್ಟರಲ್ಲಿ ಮೇಲಿನ ಮಹಡಿಯ ಹಲ್ಲಿನ ವೈದ್ಯ ಕಿಟಕಿಯಿಂದ ಬಗ್ಗಿ, ಐದು ಗಂಟೆಯ ಹಲ್ಲುಗಳನ್ನೆಲ್ಲ ನಾಳೆಗೆ ಹಾಕಿದ್ದೇನೆ, ಬರುತ್ತೇನೆ ಎಂದು ಕೂಗಿ ಹೇಳಿದ. ಆಮೇಲೆ ಫೋನ್ ಶುರುವಾಯಿತು. ಹೋದ ವರ್ಷ ಓದುವ ಕನ್ನಡಕ ಕೊಂಡಿದ್ದ ಬಸ್ ಚಾಲಕ, ಕಣ್ಣಿನ ಪೊರೆ ತೆಗೆಸಿಕೊಂಡಿದ್ದ ಬೇಕರಿಯವನು, ಚೌಕಟ್ಟು ಸರಿಯಿಲ್ಲ ಎಂದು ಮೂರು ತಿಂಗಳಿಂದ ಮಾತುಬಿಟ್ಟಿದ್ದ ಗುಮಾಸ್ತ, ಎಲ್ಲರದೂ ಒಂದೇ ಮಾತು: ನಮ್ಮನ್ನು ನೆನೆದೆಯಲ್ಲ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿಲುವಂಗಿ ಇಸ್ತ್ರಿಗೆ ಕೊಟ್ಟಿದ್ದೇವೆ.

ರಾತೆಬ್ ಫೋನ್ ಕೆಳಗಿಟ್ಟ. ಕಳಿಸಿದ್ದನ್ನು ತೆರೆದು ನೋಡಿದ. ಅಂಗಡಿ ತೆರೆದ ದಿನದಿಂದ ಅಲ್ಲಿ ಕಣ್ಣು ತೋರಿಸಿದವರಿಗೆಲ್ಲ ಸಂದೇಶ ಹೋಗಿತ್ತು. ಅದರ ತುದಿಗೆ ಗಿಳಿ ತನ್ನದೊಂದು ಬಾಲಂಗೋಚಿಯನ್ನೂ ಕಟ್ಟಿತ್ತು: 'ಒಂದನ್ನು ಆರಿಸಿಕೊಳ್ಳಿ, ಎರಡನೆಯದು ಅರ್ಧ ಬೆಲೆಗೆ. ಇಂದು ಮಾತ್ರ.'

ಅಬು ಜಲಾಲ್ ರಾತೆಬನ ಹೆಗಲ ಮೇಲಿಂದ ಬಗ್ಗಿ ಓದಿದ, ಇನ್ನೊಮ್ಮೆ ಓದಿದ.

"ಮೇಷ್ಟ್ರಿಗೆ ಎರಡು ಹೆಣ್ಣುಮಕ್ಕಳಲ್ವಾ?" ಎಂದ ಮೆಲ್ಲಗೆ.

"ಸುಮ್ನಿರಿ ಚಿಕ್ಕಪ್ಪ."

"ನಾನು ಸುಮ್ನಿರ್ತೀನಪ್ಪ. ಅವರೂ ನಿನ್ನ ಗಿರಾಕಿ ಅಲ್ವಾ? ಅವರಿಗೂ ಹೋಗಿರುತ್ತಲ್ಲ?"

ಹೋಗಿತ್ತು. ಮೇಷ್ಟ್ರ ಹೆಸರಿನ ಮುಂದೆ, ಸಂದೇಶವನ್ನು ಓದಿದ್ದಾರೆ ಎಂಬ ಗುರುತೂ ಇತ್ತು.

ಇಂಥ ಹೊತ್ತಿನಲ್ಲಿ ಬುದ್ಧಿ ಇರುವವನು ಕಂಪ್ಯೂಟರಿನಿಂದ ದೂರ ಹೋಗುತ್ತಾನೆ. ರಾತೆಬ್ ಅಬು ಜಲಾಲನ ಸಲಹೆ ಕೇಳಿದ. ಇನ್ನೊಂದು ಸಂದೇಶ ಕಳಿಸಿಬಿಡು, ಎಲ್ಲ ಸರಿಹೋಗುತ್ತದೆ ಎಂದ ಅಬು ಜಲಾಲ್. 'ಹಿಂದಿನ ಸಂದೇಶ ಕೈತಪ್ಪಿ ಬಂದಿದೆ, ದಯಮಾಡಿ ಕ್ಷಮಿಸಿ' ಎಂದು ರಾತೆಬ್ ಬರೆದು ಕಳಿಸಿದ. ಗಿಳಿ ಇದಕ್ಕೂ ಬಾಲ ಕಟ್ಟಿತು: 'ತಡಮಾಡಬೇಡಿ, ಸಂಜೆಯವರೆಗೆ ಮಾತ್ರ ಅವಕಾಶ. ಮನೆಮಂದಿಯನ್ನೂ ಕರೆತನ್ನಿ.' ಮತ್ತೆ ಫೋನುಗಳು ಬಂದವು. ಕ್ಷಮೆ ಯಾಕೆ ಕೇಳುತ್ತೀಯ ಮಾರಾಯ, ಒಂದು ಸಲ ಹೇಳಿದರೆ ಸಾಲದೇ, ಭಾವಂದಿರನ್ನೂ ಕರೆತರುತ್ತೇವೆ ಎಂದರು.

ಇನ್ನು ಈ ಹಕ್ಕಿಯ ಕತ್ತು ಹಿಸುಕದೆ ಬೇರೆ ದಾರಿಯಿಲ್ಲ ಎಂದು ರಾತೆಬ್ ತೋಳೇರಿಸಿದ. ಗಿಳಿಯನ್ನು ತೆಗೆದುಹಾಕುವ ಜಾಗ ಹುಡುಕುವುದರಲ್ಲೇ ಮಧ್ಯಾಹ್ನವಾಯಿತು. ಕೊನೆಗೆ ಸಿಕ್ಕಿತು. ಅಲ್ಲಿ 'ಗಿಳಿ ನನ್ನ ಜೊತೆಗೇ ಇರಲಿ' ಎಂಬುದು ಹಸಿರು ಗುಂಡಿ. 'ಬೇಡ' ಎಂಬುದು ಅದರ ಕೆಳಗೆ, ಬೂದಿಯಲ್ಲಿ. ರಾತೆಬ್ ತನ್ನ ಅಂಗಡಿಯ ಭೂತಗನ್ನಡಿ ತಂದು ಪರದೆಗೆ ಹಿಡಿದು ಬೇಡವನ್ನು ಪತ್ತೆಮಾಡಿ ಒತ್ತಿದ. ಗಿಳಿಯ ಕಣ್ಣಲ್ಲಿ ನೀರು ಬಂತು. ಯಾಕೆ ಬೇಡ, ಕಾರಣ ತಿಳಿಸಿ ಎಂದಿತು. ನನ್ನ ಮದುವೆ ಹಾಳಾಗುತ್ತಿದೆ ಎಂದು ರಾತೆಬ್ ಬರೆದ. ಅದು ಹೋಯಿತು. ನಿಟ್ಟುಸಿರು ಬಿಟ್ಟು ಬ್ರೌಸರನ್ನು ಮುಚ್ಚಿ ಮತ್ತೆ ತೆರೆದ. ಗಿಳಿ ಕೂತಿತ್ತು, ಈ ಸಲ ಮದುವೆ ಛತ್ರಗಳ ಚಿತ್ರ ಹಿಡಿದುಕೊಂಡು. ಅಬು ಜಲಾಲ್ ಎದ್ದುಹೋಗಿ ಗೋಡೆಯಿಂದ ತಂತಿಯನ್ನೇ ಕಿತ್ತ. ಆ ದಿನ ಅವನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು.

ರಾತೆಬ್ ಮೆಟ್ಟಿಲುಗಳನ್ನು ಎರಡೆರಡು ಹತ್ತಿ ಮನೆಗೆ ಓಡಿದ. ಬರುವವರನ್ನು ಹೇಗಾದರೂ ತಡೆಯಬೇಕು, ಅಮ್ಮಾ, ನೀನಾದರೂ ಹೆಂಗಸರಿಗೆ ಫೋನ್ ಮಾಡು ಎಂದ. ರಾತೆಬನ ತಾಯಿ ಎಂದು ಊರೆಲ್ಲ ಉಮ್ಮು ರಾತೆಬ್ ಎಂದೇ ಕರೆಯುವ ಅವಳ ಮುಖ ನೋಡಿದರೆ ಹಬ್ಬ. ಬೆಳಗಿನಿಂದ ಅವಳಿಗೂ ಸುದ್ದಿ ಬರುತ್ತಲೇ ಇತ್ತು. ಇನ್ನೂರು ಗಂಡಸರು ನಿನ್ನ ಬೆನ್ನಿಗೆ ನಿಲ್ಲುತ್ತಾರೆ ಎಂದರೆ ಅಳುವುದೇ, ನಿನ್ನಪ್ಪನಿಗೇ ಅಷ್ಟು ಜನ ಬಂದಿರಲಿಲ್ಲ ಎಂದು ಅವಳು ಅವನ ಟೈ ಬಿಗಿದಳು.

"ಮೇಷ್ಟ್ರು ಹದಿನೈದೇ ಅಂದಿದ್ದಾರೆ ಅಮ್ಮ."

"ನಿಲುವಂಗಿ ಹಾಕ್ಕೊಂಡು ಹೊರಟಿರೋ ಗಂಡಸಿಗೆ ನೀನು ಬೇಡ ಹೋಗು ಅಂತೀಯಾ? ಅಂದ್ರೆ ಮೂರು ತಲೆಮಾರು ನಮ್ಮ ಮನೆ ಹೊಸಿಲು ತುಳಿಯಲ್ಲ. ಹೋಗು, ಮುಖ ತೊಳ್ಕೊ."

ಅದು ನಿಜವೇ. ಕರೆಯದೆ ಇದ್ದರೆ ನಮ್ಮವರು ವಾರ ಮುನಿಯುತ್ತಾರೆ. ಕರೆದು ಬೇಡವೆಂದರೆ ಸಾಯುವವರೆಗೆ ಮುನಿಯುತ್ತಾರೆ. ರಾತೆಬ್ ಕೊನೆಯದಾಗಿ ಮೇಷ್ಟ್ರ ಮನೆಗೆ ಫೋನ್ ಮಾಡಿದ. ಎತ್ತಿದ್ದು ಖೌಲಾ. ಅಣ್ಣ ಬೆಳಗಿನಿಂದ ಕಿಟಕಿಯ ಹತ್ತಿರ ಕೂತು ನಿನ್ನ ಸಂದೇಶವನ್ನೇ ಓದುತ್ತಿದ್ದಾನೆ, ನೀನು ಮಾಡಿಕೊಟ್ಟ ಕನ್ನಡಕದಲ್ಲೇ ಓದುತ್ತಿದ್ದಾನೆ ಎಂದಳು. ಏನಾದರೂ ಹೇಳಿದರೇ ಎಂದು ಕೇಳಿದ. "ಬರ್ಲಿ ಅಂದ," ಎಂದಳು ಖೌಲಾ. "ಅಷ್ಟೇ ಅಂದ. ಬರ್ಲಿ."

ನಮ್ಮೂರು ಅಂಥ ದಿಬ್ಬಣವನ್ನು ಹಿಂದೆ ಕಂಡಿರಲಿಲ್ಲ. ಜನ ಹೆಚ್ಚಿಗೆ ಸೇರಿದ್ದು ದೊಡ್ಡದಲ್ಲ, ಎಲ್ಲರೂ ಕನ್ನಡಕದವರು. ದಪ್ಪ ಚೌಕಟ್ಟು, ತೆಳು ಚೌಕಟ್ಟು, ಬಿಸಿಲಿಗೆ ಕಪ್ಪಾಗುವ ಗಾಜು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟದ್ದು, ಎಲ್ಲವೂ ರಾತೆಬನ ಅಂಗಡಿಯ ಸರಕು. ಸಂಜೆ ಬಿಸಿಲು ಬಿದ್ದು ಇಡೀ ಮೆಟ್ಟಿಲುಬೀದಿ ಮಿರಮಿರ ಹೊಳೆಯುತ್ತಿತ್ತು. ಎದುರು ಗುಡ್ಡದ ಹೆಂಗಸರು ಮಾಳಿಗೆಯಲ್ಲಿ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದರು. ಇಷ್ಟು ಗಿರಾಕಿಗಳು ತನಗೆ ಇದ್ದಾರೆ ಎಂಬುದು ರಾತೆಬನಿಗೆ ಅಂದೇ ಗೊತ್ತಾದದ್ದು. ಬೇರೆ ದಿನವಾಗಿದ್ದರೆ ಅವನು ಹಿಗ್ಗುತ್ತಿದ್ದ.

ಹಿಗ್ಗಿದ್ದು ತರಾದ್ ಪಾಷಾ. ಜಾಹಾದ ಮುಂದಾಳು ಅವರು, ಸೈನ್ಯದಿಂದ ನಿವೃತ್ತರಾದವರು. ಹದಿನೈದು ಜನಕ್ಕೆಂದು ಸಣ್ಣದೊಂದು ಭಾಷಣ ಸಿದ್ಧಮಾಡಿಕೊಂಡು ಬಂದಿದ್ದರು. ಹಿಂದೆ ತಿರುಗಿ ನೋಡಿ, ಮೀಸೆ ತೀಡಿ, ಇಷ್ಟು ದಂಡಿಗೆ ಆ ಭಾಷಣ ಸಾಲದು ಎಂದು ದಾರಿಯುದ್ದಕ್ಕೂ ಅದನ್ನು ಬೆಳೆಸುತ್ತ ನಡೆದರು.

ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಹದಿನೈದು ಜನರನ್ನು ಒಳಗೆ ಬಿಟ್ಟು ಕೈ ಅಡ್ಡ ಹಿಡಿದರು. ಉಳಿದವರು ಅಂಗಳದಲ್ಲಿ, ಅಂಜೂರದ ಮರದ ಕೆಳಗೆ, ಪಕ್ಕದವರ ಮಾಳಿಗೆಯ ಮೇಲೆ, ಕಿಟಕಿಗಳ ಸರಳಿಗೆ ಮೂಗು ತಾಗಿಸಿಕೊಂಡು ನಿಂತರು. ಮೇಷ್ಟ್ರ ಹಳೆಯ ಶಿಷ್ಯರೇ ಹೆಚ್ಚು, ಮೊಮ್ಮಕ್ಕಳನ್ನು ಕಂಡವರು ಕೂಡ ಅವರನ್ನು ನೋಡಿದ ಕೂಡಲೇ ಸಿಗರೇಟು ಬೆನ್ನ ಹಿಂದೆ ಮಾಡಿದರು. ಅಬು ಜಲಾಲ್ ಹೇಗೋ ಒಳಗಿನ ಹದಿನೈದರಲ್ಲಿ ಸೇರಿಕೊಂಡಿದ್ದ. ಹೊರಗೆ ಉಳಿದವನು ರಾತೆಬನ ಸ್ವಂತ ಸೋದರಮಾವ.

ಕಾಫಿ ಬಂತು. ಪಾಷಾ ಬಟ್ಟಲನ್ನು ತೆಗೆದುಕೊಂಡು, ಕುಡಿಯದೆ, ಎದುರಿನ ಮೇಜಿನ ಮೇಲೆ ಇಟ್ಟರು. ಹೆಣ್ಣಿನ ತಂದೆ ಹೂಂ ಎಂದು ಕಾಫಿ ಕುಡಿಯಿರಿ ಎನ್ನುವವರೆಗೆ ಆ ಬಟ್ಟಲನ್ನು ಯಾರೂ ಮುಟ್ಟುವಂತಿಲ್ಲ. ಪಾಷಾ ಎದ್ದು ನಿಂತು ಮಾತು ಶುರುಮಾಡಿದರು. ಆದಿಯಲ್ಲಿ ದೇವರು ಆದಮನನ್ನು ಸೃಷ್ಟಿಸಿದಲ್ಲಿಂದ ಹಿಡಿದು ಮೆಲ್ಲಗೆ ಸಲ್ತ್ ಊರಿಗೆ ಇಳಿದರು. ಅಡುಗೆಮನೆಯಲ್ಲಿ ಹೆಂಗಸರು ಕುನಾಫಾ ಸಿಹಿಯ ತಟ್ಟೆಗಳ ಪಕ್ಕದಲ್ಲಿ, ಸಂತೋಷದ ಉಲಿ ಹಾಕಲು ನಾಲಿಗೆ ಸಿದ್ಧ ಮಾಡಿಕೊಂಡು ನಿಂತಿದ್ದರು. ರಾತೆಬ್ ತನ್ನ ಬೂಟಿನ ತುದಿಯನ್ನು ನೋಡುತ್ತ ಕೂತಿದ್ದ. ನಮ್ಮಲ್ಲಿ ಗಂಡು ಆ ದಿನ ಬಾಯಿ ತೆರೆಯುವ ಪದ್ಧತಿ ಇಲ್ಲ, ತೆರೆಯುವ ಧೈರ್ಯವೂ ಅವನಿಗೆ ಇರಲಿಲ್ಲ.

ಪಾಷಾ ಬೆವರೊರೆಸಿಕೊಂಡು ಕೂತರು. ಮೇಷ್ಟ್ರು ಎದ್ದರು, ಜೇಬಿನಿಂದ ಫೋನ್ ತೆಗೆದರು, ಕನ್ನಡಕ ಏರಿಸಿಕೊಂಡು ಆ ಸಂದೇಶವನ್ನು ಮೊದಲಿನಿಂದ ಕೊನೆಯವರೆಗೆ, ತರಗತಿಯಲ್ಲಿ ನದಿಗಳ ಹೆಸರು ಓದುವ ಧ್ವನಿಯಲ್ಲಿ ಓದಿದರು. ಬಾಲಂಗೋಚಿಯನ್ನೂ ಬಿಡಲಿಲ್ಲ.

"ನನಗಿರೋದು ಇಬ್ಬರು ಹೆಣ್ಣುಮಕ್ಕಳು," ಎಂದರು. "ಅರ್ಧ ಬೆಲೆಗೆ ಯಾವಳನ್ನ ಕಟ್ಟಿಕೊಡ್ಲಿ? ಹೇಳಿ ಪಾಷಾ. ನೀವು ಸೈನ್ಯದಲ್ಲಿದ್ದವರು, ಲೆಕ್ಕ ಗೊತ್ತಿರುತ್ತೆ."

ಪಾಷಾ ಆ ಬಾಲವನ್ನು ಓದಿಯೇ ಇರಲಿಲ್ಲ, ಅವರ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಕಿಟಕಿಯ ಹೊರಗೆ ಯಾರೋ ನಗು ತಡೆಯಲಾರದೆ ಕೆಮ್ಮಿದರು. ಮೇಷ್ಟ್ರು ಬಾಗಿಲ ಕಡೆಗೆ ಕೈ ತೋರಿಸಲಿಕ್ಕೆ ಹೊರಟದ್ದನ್ನು ರಾತೆಬ್ ನೋಡಿದ. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಬಯಾನ್ ಕೈತಪ್ಪಿ ಹೋಗುತ್ತಾಳೆ. ಪದ್ಧತಿ ಹಾಳಾಗಲಿ ಎಂದು ಅವನು ಎದ್ದು ನಿಂತ.

"ಮೇಷ್ಟ್ರೇ, ಆ ಸಾಲು ನಾನು ಬರೆದಿದ್ದಲ್ಲ," ಎಂದ. "ನನ್ನ ಕಂಪ್ಯೂಟರಿಗೆ ಒಂದು ಗಿಳಿ ಬಂದು ಸೇರ್ಕೊಂಡಿದೆ. ನಾನು ಕರೀಲಿಲ್ಲ. ನನ್ನನ್ನ ಯಾರೂ ಕೇಳ್ಲಿಲ್ಲ."

ಒಂದು ಸಲ ಬಾಯಿ ತೆರೆದ ಮೇಲೆ ಅವನಿಗೆ ನಿಲ್ಲಿಸಲು ಆಗಲಿಲ್ಲ. ಬೂದಿಯ ಮೇಲೆ ಬೂದಿ ಬಣ್ಣದ ಸಾಲಿನ ಕತೆ ಹೇಳಿದ, ಭೂತಗನ್ನಡಿಯ ಕತೆ ಹೇಳಿದ.

"ಕೇಳಿದ ಹಾಗೆ ಮಾಡ್ತಾರೆ, ಕೇಳಲ್ಲ. ಉತ್ತರದ ಗುರುತು ಮೊದ್ಲೇ ಅವರೇ ಹಾಕಿಟ್ಟಿರ್ತಾರೆ. ನಾನು ಬೇಡ ಅನ್ಲಿಲ್ಲ, ಅದನ್ನೇ ಹೂಂ ಅಂತ ತಗೊಂಡ್ರು. ಸುಮ್ನಿದ್ದವನು ಒಪ್ಪಿದ ಹಾಗೇನು ಮೇಷ್ಟ್ರೇ? ಕೇಳೋದು ಅಂದ್ರೆ ಎದುರಿಗೆ ನಿಂತು, ಮುಖ ನೋಡಿ, ಬೇಡ ಅನ್ನೋದಕ್ಕೂ ಅಷ್ಟೇ ಜಾಗ ಬಿಟ್ಟು ಕೇಳ್ಬೇಕು. ಇದು ಕೇಳೋದಲ್ಲ, ಕಳ್ಳತನ."

ಕಿಟಕಿಗಳಾಚೆ ಗುಜುಗುಜು ಎದ್ದಿತು. ಹಲ್ಲಿನ ವೈದ್ಯ ಅಂಗಳದಿಂದಲೇ, ತನಗೂ ಆ ಗಿಳಿ ಗಂಟುಬಿದ್ದಿದೆ, ಬೇಡದ ಮೂರು ಕೆಟಲ್ ಮನೆಗೆ ಬಂದಿವೆ ಎಂದು ಸಾಕ್ಷಿ ನುಡಿದ. ಬಸ್ ಚಾಲಕನ ಮನೆಯಲ್ಲೂ ಅದೇ ಹಕ್ಕಿ. ಒಬ್ಬೊಬ್ಬರಾಗಿ ಇನ್ನೂರು ಜನರಲ್ಲಿ ಅರ್ಧಕ್ಕರ್ಧ ಕೈ ಎತ್ತಿದರು. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ತಾನೂ ತಿಂಗಳಿಂದ ಭೂಪಟ ನೋಡಲು ಕೂತಾಗಲೆಲ್ಲ ಒಂದು ಗಿಳಿ ಬಂದು ಸೂಟ್‌ಕೇಸ್ ತೋರಿಸುತ್ತಿದೆ, ತಾನೇ ಏನೋ ತಪ್ಪು ಒತ್ತಿದ್ದೇನೆ ಎಂದು ನಾಚಿಕೆಯಾಗಿ ಯಾರಿಗೂ ಹೇಳಿರಲಿಲ್ಲ ಎಂದರು.

ಅಂಗಳವೆಲ್ಲ ನಕ್ಕಿತು. ಮೇಷ್ಟ್ರೂ ನಕ್ಕರು. ಅವರು ನಕ್ಕದ್ದನ್ನು ಮೂವತ್ತು ವರ್ಷದ ಹಿಂದಿನ ಶಿಷ್ಯರು ಕೂಡ ಮೊದಲ ಸಲ ನೋಡಿದ್ದು. ಹುಡುಗನಲ್ಲಿ ಮಾತಿದೆ, ಮಾತಿನಲ್ಲಿ ನ್ಯಾಯವಿದೆ, ಸುಮ್ಮನಿದ್ದವರ ಬಾಯಿಗೆ ತನ್ನ ಉತ್ತರ ತುರುಕದವನ ಕೈಗೆ ಹೆಣ್ಣು ಕೊಡಲು ತನಗೆ ಹೆದರಿಕೆ ಇಲ್ಲ ಎಂದು ಪಾಷಾರ ಕಡೆ ತಿರುಗಿದರು. ರಾತೆಬನಿಗೆ ಕಾಲು ನೆಲದ ಮೇಲಿದೆಯೋ ಇಲ್ಲವೋ ತಿಳಿಯಲಿಲ್ಲ.

"ಪಾಷಾ," ಎಂದರು ಮೇಷ್ಟ್ರು, "ನಿಮ್ಮ ಕಾಫಿ..."

ಅಡುಗೆಮನೆಯಲ್ಲಿ ಯಾರಿಗೋ ತಡೆಯಲಾಗದೆ ಉಲಿ ಹೊರಟೇಬಿಟ್ಟಿತು. ಹೊರಟದ್ದು ಅರ್ಧದಲ್ಲಿ ನಿಂತಿತು, ಯಾರೋ ಬಾಯಿಗೆ ಕೈ ಅಡ್ಡ ಇಟ್ಟ ಹಾಗೆ. ಒಳಕೋಣೆಯ ಬಾಗಿಲು ತೆರೆಯಿತು.

"ಅಪ್ಪಾ, ಒಂದು ನಿಮಿಷ," ಎಂದಳು ಬಯಾನ್.

ಪಾಷಾರ ಕೈ ಬಟ್ಟಲಿನ ಹತ್ತಿರ ಹೋಗಿದ್ದುದು ಅಲ್ಲೇ ನಿಂತಿತು. ಜಾಹಾದ ನಡುವೆ ಹೆಣ್ಣು ಹೊರಗೆ ಬಂದದ್ದನ್ನು ನಮ್ಮವರು ಕಂಡವರಲ್ಲ, ಕೇಳಿದವರಲ್ಲ. ಆದರೆ ಅವತ್ತು ಗಂಡೂ ಮಾತಾಡಿ ಆಗಿತ್ತು, ಇನ್ನು ಯಾರನ್ನು ಯಾರು ತಡೆಯುವುದು? ಅವಳು ಹೊಸಿಲ ಮೇಲೆ ನಿಂತಳು. ಅವಳಿಗೆ ಸಿಟ್ಟು ಬಂದಿರಲಿಲ್ಲ. ಕೆನ್ನೆ ಕೆಂಪಾಗಿತ್ತು, ಧ್ವನಿ ಮಾತ್ರ ನಡುಗಲಿಲ್ಲ.

"ಇವರು ಹೇಳಿದ್ದೆಲ್ಲ ನಾನು ಒಳಗಿಂದ ಕೇಳಿಸ್ಕೊಂಡೆ," ಎಂದಳು. "ಒಂದು ಮಾತೂ ತಪ್ಪಿಲ್ಲ. ಅದಕ್ಕೇ ಬಂದೆ. ನನ್ನನ್ನ ಯಾರು ಕೇಳಿದ್ರು ಅಪ್ಪ?"

ಮೇಷ್ಟ್ರು ತಂಗಿಯ ಕಡೆ ನೋಡಿದರು. ಖೌಲಾ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು, ನಾನು ಕೇಳಲಿಲ್ಲವೇ, ಈ ಬಾಯಿಂದಲೇ ಕೇಳಲಿಲ್ಲವೇ ಎಂದಳು.

"ಅತ್ತೆ, ನೀವು ಮುಲೂಖಿಯಾ ಸೊಪ್ಪು ಬಿಡಿಸ್ತಾ, ಟಿ.ವಿ. ನೋಡ್ತಾ, ರಾತೆಬ್ ಒಳ್ಳೆ ಹುಡುಗ, ನಿಂಗೂ ಒಪ್ಪಿಗೇನೇ ಅಲ್ವಾ ಅಂದ್ರಿ. ನಾನು ಉತ್ತರಪತ್ರಿಕೆ ತಿದ್ತಿದ್ದೆ, ಸುಮ್ನಿದ್ದೆ. ನೀವು ಎದ್ದುಹೋಗಿ ಹುಡುಗಿ ಒಪ್ಪಿದ್ಲು ಅಂದುಬಿಟ್ರಿ."

"ನಾಚ್ಕೊಂಡು ಸುಮ್ನಿದ್ದೀಯ ಅಂದ್ಕೊಂಡೆ ಕಣೇ. ನಮ್ಮ ಕಾಲದಲ್ಲೆಲ್ಲ ಹಾಗೇ ಇದ್ದಿದ್ದು."

ರಾತೆಬನಿಗೆ ಕಿವಿಯ ತುದಿಯವರೆಗೆ ಬಿಸಿಯಾಯಿತು. ತಾನೂ ಚಳಿಗಾಲವಿಡೀ ಅದೇ ಕೆಲಸ ಮಾಡಿದ್ದೆನಲ್ಲ, ತಾಯಿಯನ್ನು ಕೇಳಿದೆ, ಅತ್ತೆಯನ್ನು ಕೇಳಿಸಿದೆ, ಪಾಷಾರ ಕೈಕಾಲು ಹಿಡಿದೆ, ಇಷ್ಟು ಜನರನ್ನು ಮನೆಬಾಗಿಲಿಗೆ ತಂದು ನಿಲ್ಲಿಸಿದೆ. ಅಂಗಡಿಗೆ ಬಂದು ಎದುರು ಕುರ್ಚಿಯಲ್ಲೇ ಕೂತವಳನ್ನು ಮಾತ್ರ ಕೇಳಲೇ ಇಲ್ಲ. ನಾಚಿಕೆಯಿಂದ ಸತ್ತುಹೋಗಬೇಕು ಎನ್ನಿಸಿತು ಅವನಿಗೆ.

"ತಪ್ಪಾಯ್ತು," ಎಂದ. "ನಂದೂ ಅದೇ ತಪ್ಪು. ಈಗ್ಲೇ ಕೇಳ್ತೀನಿ."

"ಈಗ ಬೇಡ," ಎಂದಳು ಬಯಾನ್. "ಇಷ್ಟು ಜನ ಕಿಟಕೀಲಿ ನೇತಾಡ್ತಿರೋವಾಗ ಬೇಡ ಅನ್ನೋದಕ್ಕೆ ಜಾಗ ಎಲ್ಲಿದೆ? ಗುರುವಾರ ಬನ್ನಿ. ಒಬ್ಬರೇ ಬನ್ನಿ. ಅಪ್ಪ ಇರ್ತಾರೆ, ಚಹಾ ಮಾಡ್ತೀನಿ. ಆಗ ಕೇಳಿ."

"ಬೇಡ ಅಂತೀರಾ?" ಎಂದು ರಾತೆಬ್ ಕೇಳಿದ. ಅವನ ಬಾಯಿಂದ ತಾನಾಗಿ ಬಂದ ಮಾತು ಅದು.

ಬಯಾನ್ ತಲೆ ಬಗ್ಗಿಸಿದಳು. ಅವಳು ನಕ್ಕಳು ಎಂದು ಬಲಗಡೆಯ ಕಿಟಕಿಯವರು ಇವತ್ತಿಗೂ ಆಣೆಯಿಟ್ಟು ಹೇಳುತ್ತಾರೆ, ಎಡಗಡೆಯವರು ಇಲ್ಲವೆನ್ನುತ್ತಾರೆ. "ಅದನ್ನ ಗುರುವಾರ ಹೇಳ್ತೀನಿ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೇಷ್ಟ್ರು ಬಾಗಿಲನ್ನು ನೋಡಿದರು, ಪಾಷಾರನ್ನು ನೋಡಿದರು. ಮಗಳು ಹೇಳಿದ ಮೇಲೆ ತನ್ನದೇನೂ ಇಲ್ಲ, ಕ್ಷಮಿಸಬೇಕು ಎಂದರು. ಹಾಗೆನ್ನುವಾಗ ಅವರ ಎದೆ ಯಾಕೋ ಸ್ವಲ್ಪ ಉಬ್ಬಿತ್ತು. ಪಾಷಾ ತಣ್ಣಗಾದ ಬಟ್ಟಲನ್ನು ದಿಟ್ಟಿಸಿದರು. ಎಷ್ಟೋ ಜಾಹಾಗಳ ಮುಂದಾಳಾಗಿ ಹೋದವರು, ಕಾಫಿ ಕುಡಿಯದೆ ಎದ್ದುಬಂದದ್ದು ಅವರ ಜೀವಮಾನದಲ್ಲಿ ಇದೇ ಮೊದಲು. ನಿಲುವಂಗಿ ಕೊಡವಿ ಎದ್ದು, ಯುದ್ಧ ಸೋತಿಲ್ಲ, ಮುಂದಕ್ಕೆ ಹೋಗಿದೆ ಅಷ್ಟೇ ಎಂದು ಅಂಗಳಕ್ಕೆ ಸಾರಿದರು.

ದಿಬ್ಬಣ ಬಂದ ದಾರಿಯಲ್ಲೇ ಇಳಿಯಿತು. ಕುನಾಫಾ ಸಿಗದ ದುಃಖ ಕೆಲವರಿಗೆ ಇತ್ತು. ಉಳಿದವರಿಗೆ ವರ್ಷಕ್ಕಾಗುವಷ್ಟು ಮಾತು ಸಿಕ್ಕಿತ್ತು. ಮೆಟ್ಟಿಲು ಮೆಟ್ಟಿಲಿಗೂ ಒಬ್ಬೊಬ್ಬರು ನಿಂತು ರಾತೆಬನ ಬೆನ್ನು ತಟ್ಟಿದರು. ಗುರುವಾರ ಹೇಗೆ ಕೇಳಬೇಕು, ಯಾವ ಅಂಗಿ ತೊಡಬೇಕು, ಚಹಾಕ್ಕೆ ಎಷ್ಟು ಸಕ್ಕರೆ ಎನ್ನಬೇಕು ಎಂದೆಲ್ಲ ಹೇಳಿಕೊಟ್ಟರು. ಒಳಗೆ ಬರುವುದಿಲ್ಲ, ಅಂಜೂರದ ಮರದ ಹತ್ತಿರ ಕಾಯುತ್ತಿರುತ್ತೇನೆ ಎಂದ ಅಬು ಜಲಾಲ್. ರಾತೆಬ್ ಅವನ ಮುಖ ನೋಡಿ, ನೀವು ಬರಬೇಡಿ ಚಿಕ್ಕಪ್ಪ ಎಂದು ಸ್ಪಷ್ಟವಾಗಿ ಹೇಳಿದ. ಅಬು ಜಲಾಲ್ ಮುನಿದುಕೊಂಡು ಮುಂದೆ ಹೋದ.

ಮನೆಯಲ್ಲಿ ಉಮ್ಮು ರಾತೆಬ್ ಹೊಸ್ತಿಲಲ್ಲೇ ಕಾದಿದ್ದಳು. ಸುದ್ದಿ ಅವಳಿಗೆ ಅರ್ಧಂಬರ್ಧ ಮುಟ್ಟಿತ್ತು. ಕಾಫಿ ಕುಡಿಯಲಿಲ್ಲವಂತೆ ಎಂಬುದೊಂದೇ ಗೊತ್ತಾಗಿ, ಕಣ್ಣು ಒರೆಸಿಕೊಳ್ಳಲು ತಲೆವಸ್ತ್ರದ ತುದಿಯನ್ನು ಕೈಯಲ್ಲಿ ಹಿಡಿದಿದ್ದಳು. ಮಗ ಮೆಟ್ಟಿಲು ಹತ್ತಿ ಬರುವ ರೀತಿ ನೋಡಿ ಅದನ್ನು ಎತ್ತಬೇಕೋ ಬಿಡಬೇಕೋ ತಿಳಿಯಲಿಲ್ಲ.

"ಏನಂದ್ಲೋ ಹುಡುಗಿ? ಹೂಂ ಅಂದ್ಲಾ?"

"ಇಲ್ಲಮ್ಮ."

"ಊಹೂಂ ಅಂದ್ಲಾ?"

"ಅದೂ ಇಲ್ಲ."

"ಮತ್ತೆ ಯಾಕೋ ಹಲ್ಲು ಕಿಸೀತಿದ್ದೀಯ?"

ರಾತೆಬ್ ಟೈ ಬಿಚ್ಚಿ ತಾಯಿಯ ಪಕ್ಕ ಹೊಸ್ತಿಲ ಮೇಲೆ ಕೂತ.

"ಅವಳನ್ನ ಇಲ್ಲೀತನಕ ಯಾರೂ ಕೇಳೇ ಇಲ್ಲವಂತೆ ಅಮ್ಮ," ಎಂದ. "ಗುರುವಾರ ನಾನೇ ಕೇಳ್ಬೇಕಂ‌ತೆ."